ಗೊತ್ತಿದ್ದು ಉಂಡವರು

ಗೋವಿನಜೋಳ ತುಂಬಲು ನಮ್ಮೂರು ಚಿಕ್ಕೇರೂರಿಗೆ ಬಂದಿದ್ದ ಲಾರಿಯ ಡ್ರೈವರ್ ನನ್ನನ್ನು ಗುರುತು ಹಿಡಿದು ಕಿಟಕಿಯಿಂದಲೇ ಕೂಗಿದ: “ಡಾಕ್ಟರ್ರ, ಗುಡ್ಡದಾಕಿ ಹೋದ್ಲಂತ್ರಿ. ಶಿಗ್ಗಾವಿಯೊಳಗ, ಮಗಳ ಮನ್ಯಾಗ. ಐತವಾರ ಎಲ್ಲಾರನ್ನೂ ಊಟಕ್ಕ ಕರದಾರಂತ.” ಹಿಂದೆ ಟ್ರ್ಯಾಕ್ಟರಿನವರು ಹಾರ್ನ್ ಹೊಡೆಯುತ್ತಿದ್ದರು. ಅವನು ಗೇರು ಹಾಕಿ ಮುಂದೆ ಹೋದ. ನಾನು ಹಾಲಿನ ಕ್ಯಾನು ಹಿಡಿದುಕೊಂಡು ರಸ್ತೆಯ ಬದಿಯಲ್ಲೇ ಸ್ವಲ್ಪ ಹೊತ್ತು ನಿಂತೆ.

ನಾನು ಡಾಕ್ಟರ್ ಅಲ್ಲ. ಪಶು ಆಸ್ಪತ್ರೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದವನು. ಗುಡ್ಡದ ಮೇಲೆ ಖಾನಾವಳಿ ಇಟ್ಟಿದ್ದ ಆಕೆ ಮೊದಲ ದಿನವೇ ‘ಡಾಕ್ಟರ್ರ’ ಎಂದು ಕರೆದಳು; ತಿದ್ದಿದರೂ ಕೇಳಲಿಲ್ಲ. “ದನಾ ನಿಮ್ಮ ಸರ್ಟಿಫಿಕೇಟ್ ಕೇಳ್ತಾವೇನ್ರಿ?” ಎಂದಳು. ಅಲ್ಲಿ ಊಟಕ್ಕೆ ಬರುತ್ತಿದ್ದ ಲಾರಿಯವರ ಬಾಯಲ್ಲೂ ಬಸ್ಸಿನವರ ಬಾಯಲ್ಲೂ ಅದೇ ನಿಂತುಬಿಟ್ಟಿತು.

ಹಾನಗಲ್ಲಿನ ಕಡೆಯಿಂದ ದುಂಡಸಿಯ ಕಡೆಗೆ ಹೋಗುವಾಗ ಒಂದು ಗುಡ್ಡ ಹತ್ತಿ ಇಳಿಯಬೇಕು. ತೇಗ, ಮತ್ತಿ, ನಡುನಡುವೆ ಕವಳಿ ಕಂಟಿ. ನೆತ್ತಿಯ ಮೇಲೆ ಸ್ವಲ್ಪ ಸಮ ಜಾಗ. ಅಲ್ಲಿ ಆಕೆಯ ಖಾನಾವಳಿ. ಮಣ್ಣಿನ ಗೋಡೆ, ತಗಡಿನ ಛಾವಣಿ, ಎರಡು ಉದ್ದನೆಯ ಬೆಂಚು. ಬೋರ್ಡು ಇರಲಿಲ್ಲ. ಡಾಂಬರು ಹಾಕುವ ಗ್ಯಾಂಗಿನ ಜೊತೆ ಗಂಡ ಕೂಲಿಗೆ ಬಂದಾಗ ಆಕೆ ಗ್ಯಾಂಗಿಗೆ ಅಡಿಗೆ ಮಾಡುತ್ತಿದ್ದಳಂತೆ. ರಸ್ತೆ ಮುಗಿದು ಗ್ಯಾಂಗು ಹೋಯಿತು, ಗಂಡ ಜ್ವರದಲ್ಲಿ ತೀರಿಕೊಂಡ. ಹೊಸ ರಸ್ತೆಯಲ್ಲಿ ಓಡಾಡುವವರು ಒಲೆಯ ಹೊಗೆ ನೋಡಿ ಗಾಡಿ ನಿಲ್ಲಿಸುತ್ತಲೇ ಇದ್ದರು. ಹೆಣ್ಣುಕೂಸನ್ನು ಜೋಲಿಯಲ್ಲಿ ಮಲಗಿಸಿ ಆಕೆ ರೊಟ್ಟಿ ಬಡಿಯುತ್ತಲೇ ಉಳಿದಳು.

ನನಗೆ ಆಕೆಯ ಪರಿಚಯವಾದದ್ದು ಎಮ್ಮೆಯಿಂದ. ಬೈಕಿನಲ್ಲಿ ಹೋಗುತ್ತಿದ್ದವನನ್ನು ರಸ್ತೆಯ ನಡುವೆ ನಿಂತು ತಡೆದಳು. ಹಿತ್ತಲಲ್ಲಿ ಎಮ್ಮೆ ಈಯಲಾರದೆ ಒದ್ದಾಡುತ್ತಿತ್ತು. ಕುಡಿದು ಬಂದು ಗಲಾಟೆ ಮಾಡುವ ಗಂಡಸರನ್ನು ರಟ್ಟೆ ಹಿಡಿದು ಹೊರಗೆ ಹಾಕುವ ಹೆಂಗಸು, ರಕ್ತ ಕಂಡ ಕೂಡಲೇ ಓಡಿಹೋಗಿ ತೇಗದ ಗಿಡದ ಹಿಂದೆ ಕಿವಿ ಮುಚ್ಚಿಕೊಂಡು ಕುಳಿತಳು. ಅಲ್ಲಿಂದಲೇ “ಆತೇನ್ರಿ? ಆತೇನ್ರಿ?” ಎಂದು ಕೂಗುತ್ತಿದ್ದಳು. ಕರು ಎದ್ದು ನಿಂತ ಮೇಲೆಯೇ ಹತ್ತಿರ ಬಂದದ್ದು. ಅವತ್ತು ನನಗೆ ಬಿಸಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ ಹಾಕಿದಳು. ಹದಿನೈದು ದಿನಕ್ಕೊಮ್ಮೆಯಾದರೂ ನಾನು ಅಲ್ಲಿ ಉಣ್ಣುವುದು ಅಂದಿನಿಂದ ರೂಢಿಯಾಯಿತು.

ಯಾರಿಗೆ ಏನು ಬೇಕೆಂದು ಆಕೆ ಕೇಳುತ್ತಿರಲಿಲ್ಲ. ಮುಖ ನೋಡಿ ತಾನೇ ನಿರ್ಧರಿಸುತ್ತಿದ್ದಳು. “ನಿಮ್ಮ ಬಾಯಿ ಒಣಗೇತಿ, ಮೊದಲ ಮಜ್ಜಿಗಿ ಕುಡೀರಿ.” “ನಿನಗ ಇವತ್ತ ಖಾರ ಬ್ಯಾಡ, ಅನ್ನ ಉಣ್ಣು.” ಊಟ ಚೆನ್ನಾಗಿದೆ ಎಂದರೆ ಆಕೆಗೆ ಸಿಟ್ಟು ಬರುತ್ತಿತ್ತು. “ಕೆಟ್ಟದ್ದ ಹಾಕ್ತಾಳಂತ ತಿಳಿದು ಬಂದಿದ್ದ್ಯೇನು?” ಎನ್ನುತ್ತಿದ್ದಳು. ತವರು ಸವಣೂರಿನ ಕಡೆಯದು. ವೀಳ್ಯದೆಲೆ ಎಂದರೆ ಸವಣೂರಿನ ಎಲೆಯೇ ಆಗಬೇಕು. ಆ ಕಡೆಯಿಂದ ಬರುವ ಕಂಡಕ್ಟರುಗಳು ತಂದುಕೊಡುತ್ತಿದ್ದರು. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಹೊಸ್ತಿಲ ಮೇಲೆ ಕುಳಿತು ಎಲೆ ಹಾಕಿಕೊಳ್ಳುವುದೇ ಆಕೆಯ ವಿಶ್ರಾಂತಿ. ಆ ಹೊತ್ತಿನಲ್ಲಿ ಯಾರಾದರೂ ಬಂದರೆ ಬಾಯಿ ಖಾಲಿಯಾಗುವ ತನಕ ಕಾಯಬೇಕಿತ್ತು.

ಆಕೆ ದಲಿತರ ಕೇರಿಯವಳೆಂದು ನನಗೆ ತಿಳಿದದ್ದು ಗುಡ್ಡದ ಕೆಳಗಿನ ಊರಿನಲ್ಲಿ. ಕೇರಿಯಲ್ಲಿ ಒಂದು ಎತ್ತಿಗೆ ಕಾಲುಬೇನೆ ಬಂದಿತ್ತು, ಔಷಧ ಹಾಕಲು ಹೋಗಿದ್ದೆ. ಪಕ್ಕದ ಮನೆಯ ಕಟ್ಟೆಯ ಮೇಲೆ ಆಕೆ ತಂಗಿಯ ಜೊತೆ ಅಕ್ಕಿ ಆರಿಸುತ್ತ ಕುಳಿತಿದ್ದಳು. ಅಷ್ಟರಲ್ಲಿ ಆ ಊರಿನ ದೊಡ್ಡ ಜಮೀನುದಾರ ಆ ದಾರಿಯಲ್ಲಿ ಬಂದರು. ಎಲ್ಲರೂ ಅವರನ್ನು ಸಾವಕಾರ್ರು ಎನ್ನುತ್ತಿದ್ದರು. ಹಿಂದಿನ ದಿನವಷ್ಟೇ ಅವರು ಗುಡ್ಡದ ಮೇಲೆ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು, “ಇನ್ನೊಂದು ಹಾಕಬೇ” ಎಂದು ಕೇಳಿ ರೊಟ್ಟಿ ಹಾಕಿಸಿಕೊಂಡಿದ್ದರು. ಈಗ ಅವರು ಎತ್ತನ್ನು ನೋಡಿದರು, ನನ್ನನ್ನು ನೋಡಿ ನಕ್ಕರು. ಆಕೆಯ ಕಡೆ ಕಣ್ಣು ಹಾಯಿಸಲಿಲ್ಲ. ಆಕೆಯೂ ಮೊರದಿಂದ ತಲೆ ಎತ್ತಲಿಲ್ಲ.

ಮುಂದಿನ ಸಲ ಹೋದಾಗ ನಾನು ಕೇಳದಿದ್ದರೂ ಆಕೆಯೇ ಮಾತು ತೆಗೆದಳು.

“ಗುಡ್ಡದ ಮ್ಯಾಲ ಎಲ್ಲಾರಿಗೂ ಹಸಿವು ಇರ್ತೈತ್ರಿ. ಇಳದ ಮ್ಯಾಲ ಮರೀತಾರ.”

“ಗೊತ್ತಿದ್ದೂ ಉಣ್ತಾರಲ್ಲಕ್ಕ” ಎಂದೆ.

“ಗೊತ್ತಿಲ್ಲದಂಗ ಮಾಡಿ ಉಣ್ತಾರ. ಅದು ಬ್ಯಾರೆ, ಇದು ಬ್ಯಾರೆ.”

ಸವಣೂರು ಸೀಮೆಯ ತನ್ನ ಬಳಗದವರು ಬೌದ್ಧರಾದಾಗ ಆಕೆಯೂ ಹೋಗಿ ದೀಕ್ಷೆ ತೆಗೆದುಕೊಂಡು ಬಂದಳು. ಒಳಗೆ, ಬೆಂಚುಗಳ ಎದುರಿನ ಗೋಡೆಗೆ ಬುದ್ಧನ ಪಟ ಬಂತು. ನೋಡಿದವರಲ್ಲಿ ಕೆಲವರು “ಮನಸ್ಸಿಗೆ ಶಾಂತಿ ಅನಸ್ತೈತಿ” ಎಂದರು. ಯಾಕೆ ಹಾಕಿದ್ದಾಳೆಂದು ಒಬ್ಬರೂ ಕೇಳಲಿಲ್ಲ. ಕೇಳಲಿ ಎಂದು ಆಕೆ ಕಾಯುತ್ತಿದ್ದಳು ಎಂದು ನನಗೆ ಅನ್ನಿಸುತ್ತಿತ್ತು.

ನಂತರ ಗುಡ್ಡ ಬದಲಾಗತೊಡಗಿತು. ಮೊದಲು ಗಾಳಿಯಂತ್ರಗಳು ಬಂದವು. ಅವುಗಳ ರೆಕ್ಕೆ ಹೊತ್ತ ಉದ್ದನೆಯ ಲಾರಿಗಳಿಗಾಗಿ ತಿರುವುಗಳನ್ನು ಅಗಲ ಮಾಡಿದರು. ಮತ್ತಿಯ ಮರಗಳು ಸಾಲಾಗಿ ಉರುಳಿದವು. ಅಗಲ ರಸ್ತೆಯಾದ ಮೇಲೆ ಶನಿವಾರ, ಭಾನುವಾರ ಹುಬ್ಬಳ್ಳಿಯ ಕಡೆಯಿಂದ ಕಾರುಗಳು ಬರತೊಡಗಿದವು. ಗಾಳಿಯಂತ್ರದ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವುದು, ಮೋಡ ಬಂದಾಗ ಕಿರುಚುವುದು. ಬಂದವರಿಗೆ ಹಳ್ಳಿಯ ಊಟ ಬೇಕು. ಸಾವಕಾರ್ರು ರಸ್ತೆಯ ಆಚೆ ಬದಿಯಲ್ಲಿ ಜಾಗ ಹಿಡಿದು ‘ಜವಾರಿ ಊಟ’ ಎಂದು ದೊಡ್ಡ ಬೋರ್ಡು ಹಾಕಿದರು. ಸಿಮೆಂಟಿನ ಗೋಡೆಗೆ ಮಣ್ಣಿನ ಬಣ್ಣ, ಮೇಲೆ ಹುಲ್ಲಿನ ಛತ್ರಿ. ಅಂಗಳದಲ್ಲಿ ಕಾರಂಜಿ, ಅದರ ನಡುವೆ ಕಣ್ಣು ಮುಚ್ಚಿ ಕುಳಿತ ಸಿಮೆಂಟಿನ ಬುದ್ಧ.

ಹೋಟೆಲು ತೆರೆಯುವ ಮುಂಚೆ ಸಾವಕಾರ್ರು ಆಕೆಯ ಹತ್ತಿರ ಬಂದು ಕೇಳಿದ್ದರಂತೆ. ಆಕೆ ನನಗೆ ಹೇಳಿದ್ದು ಹೀಗೆ:

“ನಮ್ಮಲ್ಲೇ ಬಂದು ರೊಟ್ಟಿ ಮಾಡಬೇ, ಪಗಾರ ಕೊಡ್ತೇನಿ ಅಂದ್ರು. ಆತು, ಎಲ್ಲಿ ಕುಂದರ್ಲಿ ಅಂದೆ. ಹಿಂದ ಒಂದು ಖೋಲಿ ಮಾಡಸೇನಿ, ಹಿಂದಿನ ಬಾಗಲದಿಂದ ಬರೂದು, ಮುಂದ ಬರೂದ ಬ್ಯಾಡ ಅಂದ್ರು. ನೋಡ್ರಿ ಡಾಕ್ಟರ್ರ, ಬುದ್ಧನ್ನ ಅಂಗಳದಾಗ ಕುಂದ್ರಿಸ್ಯಾರ, ನನ್ನ ಹಿಂದಿನ ಬಾಗಲಕ್ಕ ಕರದಾರ.” ಹೇಳಿ ನಕ್ಕಳು. ಆ ನಗೆ ಬಹಳ ಹೊತ್ತು ಇರಲಿಲ್ಲ.

ಆಕೆ ಒಲ್ಲೆ ಎಂದಳು. ಅಲ್ಲಿಂದ ಹೋಟೆಲಿನ ಕೆಲಸದವರು, ಆಕೆಯ ಕಡೆ ಹೊರಟ ಕಾರಿನವರಿಗೆ ಮೆಲ್ಲಗೆ ಹೇಳತೊಡಗಿದರು: “ಅಲ್ಲಿ ಬ್ಯಾಡ್ರಿ, ಅದು ಬ್ಯಾರೆಯವ್ರದು.” ಒಂದು ದಿನ ಅದು ಆಕೆಯ ಕಿವಿಗೇ ಬಿತ್ತು. ಇಷ್ಟು ವರ್ಷ ಯಾರೂ ಬಾಯಿ ಬಿಟ್ಟು ಹೇಳದೆ ಇದ್ದದ್ದು ಈಗ ಆಕೆಯ ಬೆನ್ನ ಹಿಂದೆ ವ್ಯಾಪಾರದ ಮಾತಾಗಿತ್ತು.

ಆ ಮಳೆಯ ದಿನ ನಾನು ಅಲ್ಲಿದ್ದೆ. ಬೆಳಗಿನಿಂದ ಗಾಳಿ, ಮಳೆ. ಕೆಳಗಿನ ತಿರುವಿನಲ್ಲಿ ದೊಡ್ಡ ಮರವೊಂದು ರಸ್ತೆಗೆ ಅಡ್ಡ ಬಿದ್ದು ಹೋಗುವ ಬರುವ ಗಾಡಿಗಳೆಲ್ಲ ನಿಂತವು. ಹೋಟೆಲಿನ ಅಡಿಗೆಯವರಿಗೆ ಊರಿಂದ ಮೇಲೆ ಬರಲಾಗಿರಲಿಲ್ಲ, ಅದು ಮುಚ್ಚಿತ್ತು. ಮಧ್ಯಾಹ್ನದ ಹೊತ್ತಿಗೆ ಲಾರಿಯವರು, ಹುಬ್ಬಳ್ಳಿಯ ಕಾರಿನವರು, ಕಾವಲಿಗೆಂದು ಮೇಲೆ ಉಳಿದಿದ್ದ ಹೋಟೆಲಿನ ಇಬ್ಬರು ಕೆಲಸದವರು, ಎಲ್ಲರೂ ಆಕೆಯ ತಗಡಿನ ಕೆಳಗೆ ಬಂದು ಸೇರಿದರು. ಒಳಗೆ ಅನ್ನ ಬೆಂದಿತ್ತು, ರೊಟ್ಟಿ ಬುಟ್ಟಿಯಲ್ಲಿತ್ತು. ಆಕೆ ಕೈ ಒರೆಸಿಕೊಂಡು ಬಾಗಿಲಿಗೆ ಅಡ್ಡ ನಿಂತಳು.

“ಒಂದ ಮಾತು. ನಾ ಹೊಲಗೇರಿಯಾಕಿ. ನಿಮಗ ಗೊತ್ತೈತಿ, ಗೊತ್ತಿಲ್ಲದವ್ರಿಗೆ ಈಗ ಗೊತ್ತಾತು. ಗೊತ್ತಿದ್ದು ಉಣ್ಣಾವ್ರು ಒಳಗ ಬರ್ರಿ.”

ಒಬ್ಬ ಲಾರಿ ಡ್ರೈವರ್ ನಗಲು ನೋಡಿದ. “ನಮಗ ಅನ್ನ ಬೇಕವ್ವಾ, ಅಡ್ರೆಸ್ ಯಾಕ?”

“ನನಗ ಬೇಕು” ಎಂದಳು.

ಹುಬ್ಬಳ್ಳಿಯ ಹುಡುಗಿಯೊಬ್ಬಳು ಸಂಕೋಚದಿಂದ, “ಈಗ ಅದನ್ನೆಲ್ಲಾ ಯಾರ ನೋಡ್ತಾರ್ರಿ ಆಂಟಿ” ಎಂದಳು. “ಯಾರೂ ನೋಡಂಗಿಲ್ಲಂದ್ರ ಹೇಳಾಕ ಏನ ತ್ರಾಸು ಹೇಳವಾ?” ಎಂದು ಆಕೆ ಕೇಳಿದಳು. ಮಾತು ಮೆತ್ತಗೇ ಇತ್ತು. ಆ ಹುಡುಗಿ ಚಪ್ಪಲಿ ಬಿಟ್ಟು ಮೊದಲು ಒಳಗೆ ಹೋದಳು. ಲಾರಿಯವರು ಹೋದರು. ನಾನೂ ಹೋಗಿ ಕುಳಿತೆ. ಕೆಲವರು ಕಾರಿನಲ್ಲಿ ಕೂರುತ್ತೇವೆಂದು ಮಳೆಯಲ್ಲೇ ಹೊರಟರು. ಹೋಟೆಲಿನ ಇಬ್ಬರು ಹೋಗಲೂ ಆಗದೆ ಬರಲೂ ಆಗದೆ ತಗಡಿನ ಅಂಚಿನಲ್ಲಿ ನಿಂತರು. ಕೊನೆಗೆ ಒಬ್ಬ ಬಂದ, ಒಬ್ಬ ಬರಲಿಲ್ಲ.

ನಾವು ಉಣ್ಣುತ್ತಿದ್ದಾಗ ಸಾವಕಾರ್ರು ಛತ್ರಿ ಹಿಡಿದು ಬಂದರು. ಅವರ ಕಾರೂ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತಿದ್ದರು. “ನಮ್ಮವ್ವಗ ಸಕ್ಕರಿ ಬ್ಯಾನಿ ಐತಿ. ಮುಂಜಾನಿಂದ ಏನೂ ತಿಂದಿಲ್ಲ, ಕಣ್ಣಿಗೆ ಕತ್ತಲಿ ಬರಾಕತ್ತೈತಿ ಅಂತಾಳ. ಸ್ವಲ್ಪ ಅನ್ನಾ ಸಾರು ಕಾರಿಗೆ ಕೊಟ್ಟು ಕಳಸಬೇ.”

“ಕೊಡ್ತೇನ್ರಿ. ಯಾರ ಕೈಯಾಗಿಂದು ಅಂತ ಹೇಳಿ ಉಣಸ್ರಿ.”

“ಈಗ ಅದೆಲ್ಲಾ ಬ್ಯಾಡ. ಮುದುಕಿ ಐತಿ.”

“ಹಂಗಾರ ನಾನ ಹೇಳ್ತೇನಿ” ಎಂದು ಆಕೆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಕೊಂಡು ಮಳೆಯಲ್ಲಿ ಇಳಿದಳು. ನಾನು ಎಂಜಲು ಕೈಯಲ್ಲೇ ಹಿಂದೆ ಓಡಿದೆ. ಯಾಕೆ ಓಡಿದೆನೋ. ಸಾವಕಾರ್ರು ತಡೆಯುವ ಮೊದಲೇ ಆಕೆ ಕಾರಿನ ಬಾಗಿಲು ತೆರೆದಿದ್ದಳು. ಒಳಗೆ ಬಿಳಿ ಸೆರಗು ಹೊದ್ದ ಮುದುಕಿ, ಹಣೆಯ ಮೇಲೆ ಬೆವರು.

“ಅವ್ವಾರ, ನಾ ಗುಡ್ಡದ ಮ್ಯಾಲಿನಾಕಿ. ನಿಮ್ಮೂರ ಕೇರಿಯೊಳಗ ನನ್ನ ತಂಗೀನ ಕೊಟ್ಟೈತಿ. ಅನ್ನಾ ತಂದೇನಿ. ಉಣ್ತೀರೇನ್ರಿ?”

ಮುದುಕಿ ತಟ್ಟೆಯನ್ನು ನೋಡಿದಳು, ಆಕೆಯ ಮುಖ ನೋಡಿದಳು. ತುಟಿ ನಡುಗುತ್ತಿತ್ತು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. ಹೆಚ್ಚುಕಡಿಮೆ ಬೇಡಿಕೊಳ್ಳುವ ದನಿಯಲ್ಲಿ ಹೇಳಿದಳು:

“ಯಾಕ ಹೇಳಿದೆವಾ? ಹೇಳದನ ಕೊಟ್ಟಿದ್ರ ಉಣ್ತಿದ್ನೆಲ್ಲ.”

ಆಕೆ ತಟ್ಟೆ ಹಿಡಿದುಕೊಂಡು ನಿಂತಳು. ಮುಚ್ಚಿದ ತಟ್ಟೆಯ ಅಂಚಿನಿಂದ ಮಳೆನೀರು ಒಳಗೆ ಇಳಿಯುತ್ತಿತ್ತು. ಮುದುಕಿಯ ತಲೆ ಸೀಟಿನ ಮೇಲೆ ವಾಲಿತು. ಆಕೆ ತಟ್ಟೆಯನ್ನು ನನ್ನ ಕೈಗಿಟ್ಟು ಖಾನಾವಳಿಗೆ ಓಡಿ ಒಂದು ಬೆಲ್ಲದ ಹೆಂಟೆ ತಂದಳು. ಮುದುಕಿಯ ಅಂಗೈ ಬಿಡಿಸಿ ಇಟ್ಟಳು. ಬೆಲ್ಲವನ್ನು ಮುದುಕಿ ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಬೆವರು ಆರಿತು, ಕಣ್ಣು ನೆಟ್ಟಗಾಯಿತು.

ಮಳೆ ನಿಂತು, ಮರ ಕಡಿದು, ಎಲ್ಲರೂ ಹೊರಟ ಮೇಲೆ ಆಕೆ ತೊಯ್ದ ಸೀರೆಯಲ್ಲೇ ಒಲೆಯ ಮುಂದೆ ಕುಳಿತಿದ್ದಳು. “ಬೆಲ್ಲಾ ಒಪ್ಪಿದ್ಲು ನೋಡ್ರಿ. ಬೆಲ್ಲಾ ನನ್ನ ಒಲಿ ಮ್ಯಾಲ ಬೆಂದದ್ದಲ್ಲಲ್ಲ” ಎಂದಳು.

ಅವತ್ತು ಬಾಗಿಲಿಗೆ ಅಡ್ಡ ನಿಂತು ಆಕೆ ಆಡಿದ ಮಾತು ಗುಡ್ಡ ಇಳಿದು ಊರೂರು ಸುತ್ತಿತು. ಕೆಳಗಿನ ಊರಿನವರು ಬರುವುದನ್ನು ಬಿಟ್ಟರು. ಮೊದಲು ಗೊತ್ತಿಲ್ಲದಂತೆ ಉಣ್ಣಬಹುದಿತ್ತು, ಈಗ ಆ ದಾರಿ ಮುಚ್ಚಿತ್ತು. ಶಿಗ್ಗಾವಿಯಲ್ಲಿ ಅಂಗನವಾಡಿ ಟೀಚರ್ ಆಗಿದ್ದ ಮಗಳು ಬಂದು ಜಗಳವಾಡಿದಳು. ನಾನು ಊಟ ಮಾಡುತ್ತಿದ್ದೆ, ನನ್ನೆದುರೇ ನಡೆಯಿತು.

“ಸುಮ್ಮನಿದ್ದಿದ್ರ ಏನಾಗ್ತಿತ್ತವ್ವಾ? ಇಷ್ಟ ವರ್ಷ ಇದ್ದಿ.”

“ಇಷ್ಟ ವರ್ಷ ಇದ್ನೆಲ್ಲಾ, ಅದಕ್ಕ.”

“ಈಗ ಯಾರ ಬರ್ತಾರ?”

“ಬರಾವ್ರು ಬರ್ತಾರ.”

ಯಾರು ಸರಿ ಎಂದು ನನಗೆ ಇವತ್ತಿಗೂ ಹೇಳಲಾಗದು. ಆಕೆಯ ಬೆಂಚುಗಳು ಖಾಲಿಯಾದದ್ದಂತೂ ನಿಜ. ಲಾರಿಯವರು ಬಿಡಲಿಲ್ಲ, ಅಷ್ಟೇ. ಆಕೆಯ ಮಾತೂ ಕಡಿಮೆಯಾಯಿತು. ಒಮ್ಮೊಮ್ಮೆ ಊಟಕ್ಕೆ ಕುಳಿತವರ ಮುಖ ನೋಡದೆಯೇ ಬಡಿಸುತ್ತಿದ್ದಳು.

ಆಮೇಲೆ ಒಂದು ಸೋಮವಾರ ಹೋದಾಗ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಬೆಂಚಿನ ಮೇಲೆ ಸಾವಕಾರ್ರ ತಾಯಿ. ಹೊರಗೆ ಆಟೋ ನಿಂತಿತ್ತು. ಸಾರಿನಲ್ಲಿ ನೆನೆಸಿದ ರೊಟ್ಟಿಯನ್ನು ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ತಿನ್ನುತ್ತಿದ್ದಳು. ಗಿರಾಕಿಗಳ ಜೊತೆ ಎಂದೂ ಕೂರದ ಆಕೆ ಎದುರಿಗೆ ಕುಳಿತಿದ್ದಳು. ಇಬ್ಬರೂ ಮೊಣಕಾಲು ನೋವಿನ ಮಾತಾಡುತ್ತಿದ್ದರು.

ಅದು ಮೊದಲ ಸಲವಲ್ಲವೆಂದು ಆಮೇಲೆ ತಿಳಿಯಿತು. ಹಾನಗಲ್ಲಿನ ದವಾಖಾನೆಗೆ ಸಕ್ಕರೆ ತಪಾಸಣೆಗೆ ಹೋಗುವ ಸೋಮವಾರ ಮುದುಕಿ ಆಟೋದವನಿಗೆ ಹೇಳಿ ಗುಡ್ಡದ ಮೇಲೆ ನಿಲ್ಲಿಸುತ್ತಿದ್ದಳು. ಮೊದಲ ದಿನ ಬಂದು ಬೆಂಚಿನ ತುದಿಯಲ್ಲಿ ಕುಳಿತು, “ನಮ್ಮ ಹೋಟೆಲಿನ ರೊಟ್ಟಿ ಚರ್ಮ ಇದ್ದಂಗ ಇರ್ತಾವ. ನೀ ಹಾಕು” ಎಂದಳಂತೆ. ಉಂಡಾದ ಮೇಲೆ, “ನನ್ನ ಮಗಗ ಹೇಳಬ್ಯಾಡ” ಎಂದಳಂತೆ.

“ನೀವು ಏನಂದ್ರಿ?” ಎಂದು ಕೇಳಿದೆ.

“ನಾ ಹೇಳಂಗಿಲ್ಲ, ನೀವ ಹೇಳ್ರಿ ಅಂದೆ. ಒಂದಿನ ಹೇಳ್ತೇನಿ ಅಂದ್ಲು. ನೋಡೂಣು.” ನನ್ನನ್ನು ನೋಡಿ, “ಸಿಟ್ಟು ಬರ್ತೈತ್ರಿ. ಆದ್ರ ಮುದುಕಿ ಉಣ್ಣೂದು ನೋಡಿದ್ರ ಬೈಯಾಕ ಮನಸ್ಸಾಗೂದಿಲ್ಲ” ಎಂದಳು. ಆ ದಿನಗಳಲ್ಲಿ ಆಕೆಯ ಮುಖ ಮತ್ತೆ ಮೊದಲಿನಂತಾಗಿತ್ತು. ಸೋಮವಾರ ಬಂತೆಂದರೆ ಒಂದು ಸಣ್ಣ ರೊಟ್ಟಿಯನ್ನು ತೆಳ್ಳಗೆ ಬಡಿದು ಬೇರೆ ಇಡುತ್ತಿದ್ದಳು.

ಮುದುಕಿ ಬರುವುದು ಒಮ್ಮೆಲೇ ನಿಂತಿತು. ಮೊದಲು ಆಕೆ, ಮೈಯಲ್ಲಿ ಹುಷಾರಿಲ್ಲವೇನೋ ಎಂದಳು. ಕೆಳಗಿನ ಊರಿನಲ್ಲಿದ್ದ ತಂಗಿ, ಮುದುಕಿ ಅಂಗಳದಲ್ಲಿ ಆರಾಮಾಗಿ ಕುಳಿತಿದ್ದಳೆಂದು ಹೇಳಿದ ಮೇಲೆ ಮುಖ ಬಿಗಿದುಕೊಂಡಳು. “ದೊಡ್ಡ ಮನಿಯವ್ರು. ಬಾಯಿ ರುಚಿ ತೀರಿತು, ಬಿಟ್ರು.” ಸೋಮವಾರದ ರೊಟ್ಟಿ ಬೇರೆ ಇಡುವುದು ನಿಂತಿತು. ಆ ಮುದುಕಿಯ ಮಾತು ಬಂದರೆ ಸಾಕು, ಒಲೆಗೆ ಕಟ್ಟಿಗೆ ತುರುಕುವ ರಭಸ ನೋಡಿಯೇ ನಾನು ಸುಮ್ಮನಾಗುತ್ತಿದ್ದೆ. ಸಾವಕಾರ್ರು ಮಾಡಿದ್ದಕ್ಕಿಂತ ಆ ಮುದುಕಿ ಬಾರದೆ ಹೋದದ್ದು ಆಕೆಗೆ ಹೆಚ್ಚು ತಾಗಿತ್ತು.

ನನಗೆ ನಿವೃತ್ತಿಯಾಯಿತು, ಊರಿಗೆ ಬಂದೆ. ರಸ್ತೆಯನ್ನು ಇನ್ನೊಮ್ಮೆ ಅಗಲ ಮಾಡುವಾಗ ಖಾನಾವಳಿಯ ಮುಂಭಾಗ ಹೋಯಿತು. ಉಳಿದ ಗೋಡೆಯ ಹಿಂದೆಯೂ ಆಕೆ ಕೆಲವು ದಿನ ಒಲೆ ಹಚ್ಚಿದಳಂತೆ. ಉಸಿರಾಟದ ತೊಂದರೆ ಹೆಚ್ಚಿದಾಗ ಮಗಳು ಶಿಗ್ಗಾವಿಗೆ ಕರೆದೊಯ್ದಳು.

ಭಾನುವಾರ ಶಿಗ್ಗಾವಿಗೆ ಹೋದೆ. ಮಗಳ ಮನೆಯ ಮುಂದೆ ಶಾಮಿಯಾನ. ಬೌದ್ಧ ಭಿಕ್ಷು, ಭಂತೇಜಿಯೊಬ್ಬರು ವಂದನೆ ಹೇಳಿಸಿದರು. ಲಾರಿಯವರು ಬಹಳ ಮಂದಿ ಬಂದಿದ್ದರು. ನಾನು ನಿರೀಕ್ಷಿಸದವರೂ ಬಂದಿದ್ದರು: ಸಾವಕಾರ್ರು. ಆಕೆಯ ಪಟಕ್ಕೆ ಹೂವಿನ ಹಾರ ಹಾಕಿ, “ನಮ್ಮ ಗುಡ್ಡಕ್ಕ ತಾಯಿ ಇದ್ದಂಗ ಇದ್ಲು” ಎಂದು ಮಾತಾಡಿದರು. ದನಿ ನಿಜವಾಗಿಯೂ ಒಡೆಯಿತು. ತಟ್ಟೆ ಹಾಕುವ ಹೊತ್ತಿಗೆ ಗಡಿಯಾರ ನೋಡಿಕೊಂಡು, ಅರ್ಜೆಂಟು ಕೆಲಸವಿದೆ ಎಂದು ಎದ್ದರು.

ನನಗೆ ತಡೆಯಲಾಗಲಿಲ್ಲ. ಕಾರಿನ ತನಕ ಹಿಂದೆ ಹೋದೆ.

“ಸಾವಕಾರ್ರ, ನಿಮ್ಮವ್ವ ಆಕಿ ಕಡೆ ಬಂದು ಉಂಡಿದ್ರು. ನಾ ಕಣ್ಣಾರೆ ನೋಡೇನಿ.”

ಅವರು ಬಾಗಿಲಿನ ಮೇಲೆ ಕೈ ಇಟ್ಟು ನಿಂತರು. “ಗೊತ್ತೈತ್ರಿ. ಆಟೋದವ ಹೇಳಿದ. ಅವತ್ತಿಂದ ಹೊರಗ ಬಿಟ್ಟಿಲ್ಲ. ಸಕ್ಕರಿ ತಪಾಸ ಮಾಡಾಕ ಮನೀಗೇ ಕರಸ್ತೇನಿ.”

“ಅವ್ವಾರು ಅದಾರೇನು?”

“ಅದಾಳ. ಈಗೂ ಸೋಮವಾರ ಬಂತಂದ್ರ ಸೀರಿ ಉಟ್ಟು ಕುಂದರ್ತಾಳ, ಗುಡ್ಡಕ್ಕ ಹೋಗೂಣು ಅಂತಾಳ. ಮಂದಿಗೆ ಗೊತ್ತಾದ್ರ ಊರಾಗ ಹೆಂಗ ತಿರಗಾಡ್ಲಿ ಡಾಕ್ಟರ್ರ?” ಬಾಗಿಲು ತೆಗೆದು, “ಆಕಿ ಸತ್ತದ್ದು ನಮ್ಮವ್ವಗ ಹೇಳಿಲ್ಲ. ನೀವೂ ಹೇಳಾಕ ಹೋಗಬ್ಯಾಡ್ರಿ” ಎಂದು ಕಾರು ಹತ್ತಿದರು.

ನಾನು ವಾಪಸು ಬಂದು ಪಂಕ್ತಿಯ ಕೊನೆಯಲ್ಲಿ ಕುಳಿತೆ. ಮಗಳು ರೊಟ್ಟಿ ಬುಟ್ಟಿ ಹಿಡಿದು ಬಂದಳು.

“ಏನಂದ್ರಿ ಅವ್ರು?”

ಕೇಳಿದ್ದನ್ನೆಲ್ಲ ಹೇಳಿದೆ. ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಮಗಳು ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಮುಖ ತಾಯಿಯದರಂತೆಯೇ ಬಿಗಿಯಾಯಿತು.

“ಅವ್ವ ಸಾಯೂತನಾ ಆ ಮುದುಕಿಗೆ ಬೈಯ್ಯಾಕತ್ತಿದ್ಲ್ರಿ. ಬಿಟ್ಟು ಹೋದ್ಲು, ಬಿಟ್ಟು ಹೋದ್ಲು ಅಂತ” ಎಂದಳು. “ಯಾರರ ಒಬ್ರು ಬಂದು ಹೇಳಬೇಕಿತ್ತ್ರಿ.”

ನನ್ನ ತಟ್ಟೆಗೆ ಎರಡು ರೊಟ್ಟಿ ಹಾಕಿ, ಮುಂದಿನವರಿಗೆ ಬಡಿಸಲು ಹೋದಳು.